ಸಾಸಿವೆ ಬಳಗದ ಕಳೆನಾಶಕ ಸಹಿಷ್ಣು ಕುಲಾಂತರಿ ಬೆಳೆಗಳು: ಸುರಕ್ಷತಾ ಪರಿಶೀಲನೆಯ ಚಾರಿತ್ರಿಕ ಅವಲೋಕನ

ಪೀಠಿಕೆ

ಒಂದು ಬೆಳೆಯ ಇಳುವರಿ, ತಳಿ ಸುಧಾರಣೆ ಮತ್ತು ವ್ಯಾಪಾರದ ಚರಿತ್ರೆ ಕೃಷಿ ವಿಜ್ಞಾನದ ಗ್ರಂಥಗಳಲ್ಲಿ ವಿಸ್ತಾರವಾಗಿ ದೊರೆಯುತ್ತದೆ. ಅದೇ ಬೆಳೆಯನ್ನು ಸುರಕ್ಷಿತವೆಂದು ಯಾರು, ಯಾವ ಪುರಾವೆಯ ಆಧಾರದಿಂದ, ಯಾವ ಪ್ರಶ್ನೆಗಳನ್ನು ಕೇಳಿ ತೀರ್ಮಾನಿಸಿದರು ಎಂಬುದರ ಚರಿತ್ರೆ ಅಷ್ಟಾಗಿ ಗಮನ ಸೆಳೆದಿಲ್ಲ. ಕಳೆನಾಶಕವನ್ನು ತಾಳಿಕೊಳ್ಳುವಂತೆ ರೂಪಿಸಲಾದ ಕುಲಾಂತರಿ ಎಣ್ಣೆಬೀಜದ ಬೆಳೆಗಳ ವಿಷಯದಲ್ಲಿ ಈ ಎರಡನೆಯ ಚರಿತ್ರೆಯೇ ಹೆಚ್ಚು ಮುಖ್ಯವಾದುದು. ಅದರಲ್ಲಿಯೂ ಸಾಸಿವೆ ಬಳಗದ ಬೆಳೆಗಳು ವಿಶೇಷ ಪರಿಶೀಲನೆಗೆ ಅರ್ಹವಾಗಿವೆ. ಸೋಯಾ ಅವರೆಗೆ ಅಮೆರಿಕ ಖಂಡದ ಹೊಲಗಳಲ್ಲಿ ಸುಲಭವಾಗಿ ಕೂಡಬಲ್ಲ ಕಾಡು ಬಂಧುಗಳಿಲ್ಲ. ಸಾಸಿವೆ ಬಳಗದ ಬೆಳೆಗಳಿಗಾದರೋ ಹೊಲದ ಒಳಗೂ, ಬದುವಿನಲ್ಲೂ, ನದಿಯ ದಂಡೆಯಲ್ಲೂ ಬಂಧುಗಳಿದ್ದಾರೆ. ಅವುಗಳಲ್ಲಿ ಕೆಲವು ಬೆಳೆಗಳು, ಕೆಲವು ಕಳೆಗಳು. ಕೆಲವು ಒಂದು ಊರಿನಲ್ಲಿ ಬೆಳೆ, ಇನ್ನೊಂದು ಊರಿನಲ್ಲಿ ಕಳೆ.

ಈ ಬಂಧುತ್ವವು ಸುರಕ್ಷತಾ ಪರಿಶೀಲನೆಯ ಮುಂದೆ ಒಂದು ಮೂಲಭೂತ ಪ್ರಶ್ನೆಯನ್ನು ಇಟ್ಟಿತು. ಪರಿಶೀಲಿಸಬೇಕಾದುದು ಸೇರಿಸಿದ ಜೀನನ್ನೋ, ಆ ಜೀನನ್ನು ಹೊತ್ತ ಗಿಡವನ್ನೋ, ಅಥವಾ ಆ ಗಿಡ ಬೆಳೆಯುವ ನೆಲವನ್ನೋ? 1970ರ ದಶಕದಿಂದ ಇತ್ತೀಚಿನವರೆಗಿನ ಘಟನೆಗಳನ್ನು ಕ್ರಮವಾಗಿ ನೋಡಿದಾಗ ಈ ಪ್ರಶ್ನೆಗೆ ದೊರೆತ ಉತ್ತರ ಮೂರು ಹಂತಗಳಲ್ಲಿ ಬದಲಾದುದು ಕಂಡುಬರುತ್ತದೆ. ಆಹಾರವಾಗಿ ಸುರಕ್ಷಿತವೆಂಬ ಪುರಾವೆಯ ಬಹುಭಾಗವನ್ನು ಒಂದು ಪ್ರಭೇದದಿಂದ ಇನ್ನೊಂದಕ್ಕೆ ಕೊಂಡೊಯ್ಯಬಹುದು. ಪರಿಸರದಲ್ಲಿ ಸುರಕ್ಷಿತವೆಂಬ ಪುರಾವೆಯನ್ನು ಹಾಗೆ ಕೊಂಡೊಯ್ಯಲು ಬರುವುದಿಲ್ಲ ಎಂಬುದು ಈ ಚರಿತ್ರೆಯ ಸಾರವಾಗಿದೆ.

ಆರು ಪ್ರಭೇದಗಳ ಬಂಧುತ್ವ

ಸಾಸಿವೆ ಬಳಗದ ಒಳಸಂಬಂಧವನ್ನು ಸ್ಪಷ್ಟಪಡಿಸಿದವರು ಜಪಾನಿನಲ್ಲಿ ಹುಟ್ಟಿದ ಕೊರಿಯಾ ಮೂಲದ ಸಸ್ಯವಿಜ್ಞಾನಿ ನಾಗಹಾರು ಯು. ಕೊರಿಯಾದಲ್ಲಿ ಅವರು ವೂ ಜಾಂಗ್-ಚೂನ್ ಎಂದು ಪ್ರಸಿದ್ಧರು. 1935ರಲ್ಲಿ ಅವರು ಪ್ರಕಟಿಸಿದ ಸಂಶೋಧನೆಯು ಆರು ಪ್ರಭೇದಗಳನ್ನು ಒಂದು ತ್ರಿಕೋನದಲ್ಲಿ ಜೋಡಿಸಿ ತೋರಿಸಿತು. ತ್ರಿಕೋನದ ಮೂರು ಮೂಲೆಗಳಲ್ಲಿ ಮೂರು ಮೂಲ ಪ್ರಭೇದಗಳಿವೆ: 10 ಜೊತೆ ವರ್ಣತಂತುಗಳ ಬ್ರಾಸಿಕ ರಾಪ, 8 ಜೊತೆಗಳ ಬ್ರಾಸಿಕ ನೈಗ್ರ ಅಥವಾ ಕರಿಸಾಸಿವೆ, 9 ಜೊತೆಗಳ ಬ್ರಾಸಿಕ ಒಲೆರೇಸಿಯ ಅಥವಾ ಎಲೆಕೋಸಿನ ಪ್ರಭೇದ. ಇವುಗಳ ಜೀನೋಮ್‌ಗಳನ್ನು ಕ್ರಮವಾಗಿ ಎ, ಬಿ, ಸಿ ಎಂದು ಕರೆಯಲಾಗುತ್ತದೆ. ಈ ಮೂರು ಪ್ರಾಚೀನ ಕಾಲದಲ್ಲಿ ಎರಡೆರಡಾಗಿ ಕೂಡಿ ಉಳಿದ ಮೂರು ಪ್ರಭೇದಗಳು ಉಂಟಾದವು. ಎ ಮತ್ತು ಬಿ ಸೇರಿ 18 ಜೊತೆಗಳ ಬ್ರಾಸಿಕ ಜನ್ಸಿಯ, ಅಂದರೆ ಭಾರತದ ರಾಯ್ ಸಾಸಿವೆ. ಎ ಮತ್ತು ಸಿ ಸೇರಿ 19 ಜೊತೆಗಳ ಬ್ರಾಸಿಕ ನೇಪಸ್, ಅಂದರೆ ಯೂರೋಪಿನ ರೇಪ್. ಬಿ ಮತ್ತು ಸಿ ಸೇರಿ 17 ಜೊತೆಗಳ ಬ್ರಾಸಿಕ ಕ್ಯಾರಿನೇಟ, ಅಂದರೆ ಇಥಿಯೋಪಿಯದ ಸಾಸಿವೆ.

ಉತ್ತರ ಭಾರತದಲ್ಲಿ ತೋರಿಯಾ, ಕಂದು ಸರ್ಸೋ, ಹಳದಿ ಸರ್ಸೋ ಎಂಬ ಹೆಸರುಗಳಲ್ಲಿ ಬೆಳೆಯುವುದು ಬ್ರಾಸಿಕ ರಾಪ ಪ್ರಭೇದವನ್ನು. ಅದೇ ಪ್ರಭೇದ ಇಂಗ್ಲೆಂಡಿನ ನದಿದಂಡೆಯಲ್ಲಿ ಕಾಡುಗಿಡ, ಕ್ವಿಬೆಕ್‌ನ ಹೊಲಗಳಲ್ಲಿ ಕಳೆ. ನೇಪಸ್, ರಾಪ, ಜನ್ಸಿಯ ಈ ಮೂರೂ ಎಣ್ಣೆಬೀಜಗಳಲ್ಲಿ ಎ ಜೀನೋಮ್ ಸಮಾನವಾಗಿದೆ. ಒಂದರ ಪರಾಗ ಇನ್ನೊಂದರ ಶಲಾಕೆಯ ಮೇಲೆ ಬಿದ್ದಾಗ ಕೆಲವೊಮ್ಮೆ ಬೀಜ ಕಟ್ಟುವುದಕ್ಕೆ ಈ ಸಮಾನತೆಯೇ ಕಾರಣ. ನೇಪಸ್ ಮತ್ತು ರಾಪ ಕೂಡಿದ ಮಿಶ್ರಗಿಡದ ಕೋಶದಲ್ಲಿ 29 ವರ್ಣತಂತುಗಳಿರುತ್ತವೆ. ಅದರ ಫಲವತ್ತತೆ ಕಡಿಮೆಯಾದರೂ ಅದು ಪೂರ್ಣ ಬಂಜೆಯಲ್ಲ. ಮುಂದಿನ ಎಲ್ಲ ವಿವಾದಗಳ ಬೀಜ ಈ ಒಂದು ಸಂಗತಿಯಲ್ಲಿದೆ.

ರೇಪ್‌ನಿಂದ ಕನೋಲದವರೆಗೆ

ಈ ಬೆಳೆಯ ಸುರಕ್ಷತೆಯ ಪ್ರಶ್ನೆ ಜೀನ್ ತಂತ್ರಜ್ಞಾನದೊಡನೆ ಹುಟ್ಟಿದುದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗುಗಳ ಯಂತ್ರಗಳಿಗೆ ಬೇಕಾದ ಕೀಲೆಣ್ಣೆಗಾಗಿ ಕೆನಡಾದಲ್ಲಿ ರೇಪ್ ಬೆಳೆ ವಿಸ್ತರಿಸಿತು. ಯುದ್ಧಾನಂತರ ಅದನ್ನು ಅಡುಗೆ ಎಣ್ಣೆಯಾಗಿ ಬಳಸಲು ಹೊರಟಾಗ ಎರಡು ಅಡ್ಡಿಗಳು ಎದುರಾದವು. ಎಣ್ಣೆಯಲ್ಲಿದ್ದ ಎರೂಸಿಕ್ ಆಮ್ಲವು ಇಲಿಗಳ ಹೃದಯದ ಸ್ನಾಯುವಿನಲ್ಲಿ ದೋಷಗಳನ್ನು ಉಂಟುಮಾಡುವುದು ಪ್ರಯೋಗಗಳಲ್ಲಿ ಕಂಡುಬಂದಿತು. ಹಿಂಡಿಯಲ್ಲಿದ್ದ ಗ್ಲೂಕೋಸಿನೋಲೇಟ್‌ಗಳು ಪಶುಗಳ ಥೈರಾಯ್ಡ್ ಗ್ರಂಥಿಗೆ ತೊಂದರೆ ಕೊಡುವುದು ತಿಳಿದಿತ್ತು. ಮ್ಯಾನಿಟೋಬ ವಿಶ್ವವಿದ್ಯಾಲಯದ ಬಾಲ್ಡುರ್ ಸ್ಟೆಫಾನ್ಸನ್ ಮತ್ತು ಸಾಸ್ಕಟೂನ್‌ನ ಸರಕಾರಿ ಸಂಶೋಧನ ಕೇಂದ್ರದ ಕೀತ್ ಡೌನಿ ಅವರು ಜರ್ಮನಿಯ ಲಿಹೋ ಎಂಬ ಮೇವಿನ ತಳಿಯಿಂದ ಕಡಿಮೆ ಎರೂಸಿಕ್ ಗುಣವನ್ನೂ, ಪೋಲೆಂಡಿನ ಬ್ರೊನೋವ್ಸ್ಕಿ ತಳಿಯಿಂದ ಕಡಿಮೆ ಗ್ಲೂಕೋಸಿನೋಲೇಟ್ ಗುಣವನ್ನೂ ಆಯ್ದು ಹೊಸ ತಳಿಗಳನ್ನು ರೂಪಿಸುವುದರಲ್ಲಿ ಮುಂದಾಳುಗಳಾದರು. ಎರಡೂ ಗುಣಗಳಿದ್ದ ಮೊದಲ ನೇಪಸ್ ತಳಿ ‘ಟವರ್’ 1974ರಲ್ಲಿಯೂ, ರಾಪ ಪ್ರಭೇದದ ‘ಕ್ಯಾಂಡಲ್’ 1977ರಲ್ಲಿಯೂ ಬಂದವು. 1978ರಲ್ಲಿ ಈ ಗುಣಮಟ್ಟದ ಬೀಜಕ್ಕೆ ಕನೋಲ ಎಂಬ ಹೆಸರನ್ನು ನೋಂದಾಯಿಸಲಾಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1985ರಲ್ಲಿ ಅದರ ಎಣ್ಣೆಯನ್ನು ಸುರಕ್ಷಿತವೆಂದು ಅಂಗೀಕರಿಸಿತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಕನೋಲ ಎಂಬುದು ಒಂದು ಪ್ರಭೇದದ ಹೆಸರಲ್ಲ. ಬೀಜದ ರಾಸಾಯನಿಕ ಗುಣಮಟ್ಟದ ಹೆಸರು. ನೇಪಸ್, ರಾಪ, ಮುಂದೆ ಜನ್ಸಿಯ ಕೂಡ ಆ ಮಿತಿಯೊಳಗೆ ಬಂದರೆ ಕನೋಲ ಎನಿಸಿಕೊಂಡವು. ಎರಡನೆಯದಾಗಿ, ಈ ಹಂತದಲ್ಲಿ ಸುರಕ್ಷತೆಯೆಂದರೆ ಎಣ್ಣೆ ಮತ್ತು ಹಿಂಡಿಯಲ್ಲಿ ಏನಿದೆ, ಎಷ್ಟಿದೆ ಎಂಬ ಅಳತೆ ಮಾತ್ರ. ಗಿಡ ಹೊಲದಾಚೆ ಏನು ಮಾಡೀತು ಎಂದು ಯಾರೂ ಕೇಳಲಿಲ್ಲ. ಪ್ರಭೇದವನ್ನು ಮರೆತು ಬೀಜದ ಸಂಯೋಜನೆಯನ್ನು ನೋಡುವ ಈ ರೂಢಿಯೇ ಮುಂದಿನ ಪರಿಶೀಲನೆಗೂ ಅಡಿಪಾಯವಾಯಿತು.

ಕಳೆಯಿಂದ ಬೆಳೆಗೆ ಬಂದ ಗುಣ

ಕಳೆನಾಶಕವನ್ನು ತಾಳುವ ಗುಣ ಮೊದಲು ಬಂದುದು ಪ್ರಯೋಗಾಲಯದಿಂದಲ್ಲ, ಕಳೆಯಿಂದ. ಕ್ವಿಬೆಕ್ ಪ್ರಾಂತದ ಮೆಕ್ಕೆಜೋಳದ ಹೊಲಗಳಲ್ಲಿ ಟ್ರೈಅಜಿನ್ ವರ್ಗದ ಕಳೆನಾಶಕಗಳನ್ನು ವರ್ಷಾನುವರ್ಷ ಬಳಸಲಾಗುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಆ ಸಿಂಪಡಣೆಗೆ ಸಾಯದ ಕಾಡು ರಾಪ ಗಿಡಗಳು ಅಲ್ಲಿ ಕಂಡುಬಂದವು. ಒಂಟಾರಿಯೊದ ಗ್ವೆಲ್ಫ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಕಳೆಯನ್ನು ತಾಯಿಯಾಗಿಟ್ಟು ಪದೇ ಪದೇ ಸಂಕರಿಸಿ, ಅದರ ಗುಣವನ್ನು ಬೆಳೆಯಾದ ನೇಪಸ್‌ಗೆ ತಂದರು. 1984ರಲ್ಲಿ ‘ಒಎಸಿ ಟ್ರೈಟನ್’ ಎಂಬ ತಳಿ ಬಿಡುಗಡೆಯಾಯಿತು. ಈ ಗುಣ ಕ್ಲೋರೊಪ್ಲಾಸ್ಟ್‌ನಲ್ಲಿದ್ದು ತಾಯಿಯ ಕಡೆಯಿಂದ ಬರುತ್ತದೆ. ಪರಾಗದ ಮೂಲಕ ಸಾಮಾನ್ಯವಾಗಿ ಹರಡುವುದಿಲ್ಲ. ಆದರೆ ಅದೇ ಬದಲಾವಣೆ ದ್ಯುತಿಸಂಶ್ಲೇಷಣೆಯನ್ನು ಕುಗ್ಗಿಸುವುದರಿಂದ ಇಳುವರಿ ಗಮನಾರ್ಹವಾಗಿ ಇಳಿಯಿತು. ಹಾಗಿದ್ದರೂ ಕಾಡುಮೂಲಂಗಿಯಂತಹ ಕಳೆಗಳಿಂದ ಬಳಲುತ್ತಿದ್ದ ಆಸ್ಟ್ರೇಲಿಯದ ರೈತರು 1993ರಿಂದ ಟ್ರೈಅಜಿನ್ ಸಹಿಷ್ಣು ಕನೋಲವನ್ನು ವ್ಯಾಪಕವಾಗಿ ಬೆಳೆದರು.

ಈ ತಳಿಗಳು ಕುಲಾಂತರಿಗಳಲ್ಲವಾದ್ದರಿಂದ ಅವು ಯಾವ ಜೀನ್ ತಂತ್ರಜ್ಞಾನ ಕಾನೂನಿನ ಪರಿಶೀಲನೆಗೂ ಒಳಪಡಲಿಲ್ಲ. ಆದರೂ ಈ ಪ್ರಕರಣ ಒಂದು ಪಾಠವನ್ನು ಆಗಲೇ ಹೇಳಿತ್ತು. ರಾಪದಿಂದ ನೇಪಸ್‌ಗೆ ಗುಣವನ್ನು ತರಲು ವಿಜ್ಞಾನಿಗಳಿಗೆ ಸಾಧ್ಯವಾದರೆ, ನೇಪಸ್‌ನಿಂದ ರಾಪಕ್ಕೆ ಗುಣವನ್ನು ಒಯ್ಯಲು ಗಾಳಿಗೂ ಜೇನಿಗೂ ಸಾಧ್ಯವಿತ್ತು.

1995ರ ತೀರ್ಮಾನಗಳು

1980ರ ದಶಕದಲ್ಲಿ ಬ್ಯಾಕ್ಟೀರಿಯದ ಜೀನುಗಳನ್ನು ಸಸ್ಯಗಳಿಗೆ ಸೇರಿಸುವ ವಿಧಾನ ಸಿದ್ಧಿಸಿತು. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಗಳಿಂದ ತೆಗೆದ ‘ಬಾರ್’ ಮತ್ತು ‘ಪ್ಯಾಟ್’ ಜೀನುಗಳು ಗ್ಲೂಫೋಸಿನೇಟ್ ಎಂಬ ಕಳೆನಾಶಕದ ಅಣುವನ್ನು ನಿರಪಾಯಗೊಳಿಸುವ ಕಿಣ್ವವನ್ನು ಉಂಟುಮಾಡುತ್ತವೆ. ಅಗ್ರೊಬ್ಯಾಕ್ಟೀರಿಯಂನ ಸಿಪಿ4 ಎಂಬ ತಳಿಯಿಂದ ಬಂದ ಜೀನು ಗ್ಲೈಫೋಸೇಟ್‌ಗೆ ಮಣಿಯದ ಕಿಣ್ವವನ್ನು ಕೊಡುತ್ತದೆ. ಬೆಲ್ಜಿಯಂನ ಗೆಂಟ್ ನಗರದ ಪ್ಲಾಂಟ್ ಜೆನೆಟಿಕ್ ಸಿಸ್ಟಮ್ಸ್ ಸಂಸ್ಥೆ 1990ರ ದಶಕದ ಆರಂಭದಲ್ಲಿ ಇನ್ನೊಂದು ದಾರಿ ತೋರಿಸಿತು. ಬ್ಯಾಸಿಲಸ್ ಬ್ಯಾಕ್ಟೀರಿಯದ ‘ಬಾರ್ನೇಸ್’ ಜೀನಿನಿಂದ ಒಂದು ಸಾಲನ್ನು ಪರಾಗ ಬಿಡದಂತೆ ಮಾಡಿ, ‘ಬಾರ್‌ಸ್ಟಾರ್’ ಜೀನಿನ ಇನ್ನೊಂದು ಸಾಲಿನೊಡನೆ ಸಂಕರಿಸಿ ಫಲವತ್ತತೆಯನ್ನು ಮರಳಿ ಪಡೆದು ಹೈಬ್ರಿಡ್ ಬೀಜ ಉತ್ಪಾದಿಸುವ ವಿಧಾನವದು. ಬೀಜದ ಹೊಲದಲ್ಲಿ ಬೇಡದ ಗಿಡಗಳನ್ನು ಕೊಲ್ಲಲು ಕಳೆನಾಶಕ ತಾಳುವ ಜೀನನ್ನು ಜೊತೆಗೆ ಸೇರಿಸಲಾಗಿತ್ತು.

ಇವುಗಳನ್ನು ಪರಿಶೀಲಿಸುವ ಚೌಕಟ್ಟು ಕೂಡ ಆ ಕಾಲದಲ್ಲಿಯೇ ರೂಪುಗೊಂಡಿತು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 1986ರಲ್ಲಿ ಪುನಃಸಂಯೋಜಿತ ಡಿಎನ್‌ಎ ಸುರಕ್ಷತೆಯ ಕುರಿತ ವರದಿಯನ್ನೂ, 1993ರಲ್ಲಿ ಆಹಾರದ ವಿಷಯದಲ್ಲಿ ‘ಸಾರಭೂತ ಸಮಾನತೆ’ ಎಂಬ ತತ್ತ್ವವನ್ನೂ ಮುಂದಿಟ್ಟಿತು. ಬಳಕೆಯಲ್ಲಿರುವ ಆಹಾರದೊಡನೆ ಹೊಸ ಆಹಾರವನ್ನು ಹೋಲಿಸಿ, ವ್ಯತ್ಯಾಸವಿರುವ ಅಂಶವನ್ನು ಮಾತ್ರ ಆಳವಾಗಿ ಪರೀಕ್ಷಿಸಬೇಕೆಂಬುದು ಅದರ ತಾತ್ಪರ್ಯ. ಕೆನಡಾ 1994ರಲ್ಲಿ ‘ಹೊಸ ಗುಣವುಳ್ಳ ಸಸ್ಯ’ ಎಂಬ ವರ್ಗವನ್ನು ನಿರೂಪಿಸಿತು. ಗುಣ ಯಾವ ವಿಧಾನದಿಂದ ಬಂದಿತೆಂಬುದು ಅಲ್ಲಿ ಮುಖ್ಯವಲ್ಲ. ಗುಣ ಹೊಸದೇ ಎಂಬುದಷ್ಟೇ ಮುಖ್ಯ. ಅದರಂತೆ 1995ರಲ್ಲಿ ಗ್ಲೂಫೋಸಿನೇಟ್ ತಾಳುವ ಎಚ್‌ಸಿಎನ್92, ಗ್ಲೈಫೋಸೇಟ್ ತಾಳುವ ಜಿಟಿ73, ಬಾರ್ನೇಸ್ ಆಧಾರಿತ ಹೈಬ್ರಿಡ್ ಇವುಗಳ ಜೊತೆಯಲ್ಲಿಯೇ ಉತ್ಪರಿವರ್ತನೆಯಿಂದ ಪಡೆದ, ಕುಲಾಂತರಿಯಲ್ಲದ ಇಮಿಡಜೋಲಿನೋನ್ ಸಹಿಷ್ಣು ಕನೋಲ ಕೂಡ ಪರಿಶೀಲನೆಗೆ ಒಳಗಾಗಿ ಅನುಮತಿ ಪಡೆಯಿತು.

ಈ ತೀರ್ಮಾನಗಳಲ್ಲಿ ಬಂಧುತ್ವದ ಪ್ರಶ್ನೆಯನ್ನು ಅಧಿಕಾರಿಗಳು ಕಡೆಗಣಿಸಿದರೆಂದು ಹೇಳಲಾಗದು. ನೇಪಸ್‌ನಿಂದ ರಾಪಕ್ಕೆ ಜೀನು ಹರಿಯುವುದು ಸಾಧ್ಯವೆಂದು ಅವರು ಸ್ಪಷ್ಟವಾಗಿ ಒಪ್ಪಿದ್ದರು. ಕಳೆನಾಶಕ ಸಿಂಪಡಿಸದ ಜಾಗದಲ್ಲಿ ಆ ಜೀನು ಗಿಡಕ್ಕೆ ಯಾವ ಅನುಕೂಲವನ್ನೂ ಕೊಡುವುದಿಲ್ಲ, ಸಿಂಪಡಿಸುವ ಹೊಲದಲ್ಲಿ ಅಂತಹ ಗಿಡ ಕಾಣಿಸಿಕೊಂಡರೆ ಉಳುಮೆಯಿಂದಲೋ ಬೇರೆ ಕಳೆನಾಶಕದಿಂದಲೋ ತೆಗೆಯಬಹುದು ಎಂಬುದು ಅವರ ತರ್ಕ. ಈ ತರ್ಕದ ಎರಡನೆಯ ಭಾಗ ಬೇರೆ ಕಳೆನಾಶಕವೊಂದು ಯಾವಾಗಲೂ ಉಳಿದಿರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿತ್ತು. ಒಂದೇ ವರ್ಷ ಮೂರು ಬೇರೆ ಬೇರೆ ಕಳೆನಾಶಕಗಳಿಗೆ ಸಹಿಷ್ಣುವಾದ ತಳಿಗಳಿಗೆ ಒಂದೊಂದಾಗಿ ಅನುಮತಿ ನೀಡಲಾಯಿತು. ಆ ಮೂರೂ ಅಕ್ಕಪಕ್ಕದ ಹೊಲಗಳಲ್ಲಿ ಬೆಳೆದರೆ ಏನಾದೀತು ಎಂಬ ಪ್ರಶ್ನೆ ಯಾವ ಒಂದು ಕಡತದೊಳಗೂ ಪೂರ್ಣವಾಗಿ ಬರುವಂತಿರಲಿಲ್ಲ.

ಪ್ರಭೇದ ದಾಟಿದ ಪುರಾವೆ

1990ರ ದಶಕದ ಕೊನೆಯ ವರ್ಷಗಳಲ್ಲಿ ಕೆನಡಾದ ಮುಂದೆ ಹೊಸ ಬಗೆಯ ಅರ್ಜಿಗಳು ಬಂದವು. ಅನುಮತಿ ಪಡೆದಿದ್ದ ನೇಪಸ್ ಕನೋಲವನ್ನು ರಾಪದೊಡನೆ ಸಂಕರಿಸಿ, ಅದೇ ಜೀನನ್ನು ರಾಪ ಪ್ರಭೇದದ ಬೆಳೆಗೆ ತರಲಾಗಿತ್ತು. ಜಿಟಿ73ರಿಂದ ಗ್ಲೈಫೋಸೇಟ್ ಸಹಿಷ್ಣುತೆ ಪಡೆದ ರಾಪ ಸಾಲುಗಳು, ಟಿ45ರಿಂದ ಗ್ಲೂಫೋಸಿನೇಟ್ ಸಹಿಷ್ಣುತೆ ಪಡೆದ ಎಚ್‌ಸಿಆರ್-1 ಎಂಬ ಸಾಲು ಹೀಗೆ ಬಂದವು. ಪ್ರಯೋಗಾಲಯದಲ್ಲಿ ಹೊಸದಾಗಿ ಜೀನು ಸೇರಿಸುವ ಕೆಲಸ ಇಲ್ಲಿ ನಡೆದಿರಲಿಲ್ಲ. ಯು ಅವರ ತ್ರಿಕೋನದ ಒಂದು ಬದಿಯಲ್ಲಿ ಜೀನು ನಡೆದುಹೋಗಿತ್ತು, ಅಷ್ಟೆ.

ಆಹಾರದ ದೃಷ್ಟಿಯಿಂದ ಈ ಅರ್ಜಿಗಳ ಪರಿಶೀಲನೆ ಹಿಂದಿನ ಕಡತಗಳನ್ನು ಆಧರಿಸಬಹುದಾಗಿತ್ತು. ಅದಕ್ಕೆ ಸಕಾರಣವೂ ಇದೆ. 2003ರಲ್ಲಿ ಅಂತಾರಾಷ್ಟ್ರೀಯ ಆಹಾರ ಸಂಹಿತೆಯ ಆಯೋಗವಾದ ಕೋಡೆಕ್ಸ್ ಅಂಗೀಕರಿಸಿದ ಮಾರ್ಗಸೂಚಿಯು ಈ ಬಗೆಯ ಪರಿಶೀಲನೆಯ ಹೆಜ್ಜೆಗಳನ್ನು ಕ್ರಮಗೊಳಿಸಿತು: ಜೀನಿನ ಮೂಲ ಯಾವುದು, ಅದು ಉಂಟುಮಾಡುವ ಪ್ರೋಟೀನು ತಿಳಿದಿರುವ ವಿಷಗಳನ್ನೋ ಅಲರ್ಜಿಕಾರಕಗಳನ್ನೋ ಹೋಲುತ್ತದೆಯೇ, ಜಠರರಸದ ಪೆಪ್ಸಿನ್‌ನಲ್ಲಿ ಅದು ಜೀರ್ಣವಾಗುತ್ತದೆಯೇ, ಬೀಜದ ಪೋಷಕಾಂಶಗಳೂ ಪ್ರತಿಪೋಷಕಗಳೂ ಸಾಮಾನ್ಯ ಮಿತಿಯಲ್ಲಿವೆಯೇ. 80 ಅಮೈನೋ ಆಮ್ಲಗಳ ಅಂತರದಲ್ಲಿ ಶೇಕಡ 35ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ಅಲರ್ಜಿಯ ಸಂದೇಹವನ್ನು ಮುಂದೆ ಪರೀಕ್ಷಿಸಬೇಕೆಂಬ ಅಳತೆಗೋಲನ್ನೂ ಅದು ಹೇಳಿತು. ಈ ಪ್ರಶ್ನೆಗಳಲ್ಲಿ ಮೊದಲ ಮೂರು ಪ್ರೋಟೀನಿಗೆ ಸಂಬಂಧಿಸಿದವು. ಪ್ರೋಟೀನು ಬದಲಾಗದಿದ್ದರೆ ನೇಪಸ್‌ನಲ್ಲಿ ದೊರೆತ ಉತ್ತರ ರಾಪಕ್ಕೂ ಜನ್ಸಿಯಕ್ಕೂ ಬಹುಮಟ್ಟಿಗೆ ಅನ್ವಯಿಸುತ್ತದೆ.

ನಾಲ್ಕನೆಯ ಪ್ರಶ್ನೆ ಮಾತ್ರ ಪ್ರಭೇದಕ್ಕೆ ಅಂಟಿಕೊಂಡಿದೆ. ಜನ್ಸಿಯ ಸಾಸಿವೆಯ ಬೀಜದಲ್ಲಿ ಸಹಜವಾಗಿಯೇ ಅಲರ್ಜಿಕಾರಕವಾದ ಶೇಖರಣಾ ಪ್ರೋಟೀನಿದೆ. ಅದರ ಎರೂಸಿಕ್ ಆಮ್ಲದ ಪ್ರಮಾಣ ಕನೋಲಕ್ಕಿಂತ ಬಹಳ ಹೆಚ್ಚಿದ್ದು, ಭಾರತದ ಜನ ಬಯಸುವ ಘಾಟು ಅದರ ಗ್ಲೂಕೋಸಿನೋಲೇಟ್‌ಗಳಿಂದಲೇ ಬರುವುದು. ಆದ್ದರಿಂದ ಕುಲಾಂತರಿ ಜನ್ಸಿಯವನ್ನು ಕನೋಲದೊಡನೆ ಹೋಲಿಸಿ ಫಲವಿಲ್ಲ. ಕುಲಾಂತರಿಯಲ್ಲದ ಜನ್ಸಿಯದೊಡನೆಯೇ ಹೋಲಿಸಬೇಕು. ಇನ್ನೊಂದು ತೊಡಕನ್ನೂ ಇಲ್ಲಿ ಹೇಳಬೇಕು. ಕಳೆನಾಶಕ ತಾಳುವ ಗಿಡದ ಮೇಲೆ ಆ ಕಳೆನಾಶಕವನ್ನು ಸಿಂಪಡಿಸಲಾಗುತ್ತದೆ. ಗ್ಲೂಫೋಸಿನೇಟ್ ಅಂತಹ ಗಿಡದೊಳಗೆ ಅಸಿಟೈಲ್ ರೂಪಕ್ಕೆ ತಿರುಗಿ ಉಳಿಯುತ್ತದೆ. ಈ ಶೇಷವನ್ನು ಪರೀಕ್ಷಿಸುವ ಹೊಣೆ ಬಹಳಷ್ಟು ದೇಶಗಳಲ್ಲಿ ಕೀಟನಾಶಕಗಳ ಕಚೇರಿಯದು, ಜೀನನ್ನು ಪರೀಕ್ಷಿಸುವ ಹೊಣೆ ಇನ್ನೊಂದರದು. ಗುಣ ಮತ್ತು ಅದರ ಬಳಕೆ ಹೀಗೆ ಎರಡು ಕಡತಗಳಾದವು.

ಹೊಲದಾಚೆಯ ಸಾಕ್ಷ್ಯ

ಅನುಮತಿಗಳು ಹೊರಬೀಳುತ್ತಿದ್ದ ಕಾಲದಲ್ಲಿಯೇ ಹೊಲದ ಸಾಕ್ಷ್ಯವೂ ಸಂಗ್ರಹವಾಗತೊಡಗಿತು. ಅದು ಒಂದೇ ದಿಕ್ಕಿಗೆ ಬೆರಳು ತೋರಿಸಲಿಲ್ಲ. ಇಂಗ್ಲೆಂಡಿನ ಮೈಕೆಲ್ ಕ್ರಾಲಿ ಮತ್ತು ಸಂಗಡಿಗರು 1993ರಲ್ಲಿಯೂ, ಹತ್ತು ವರ್ಷಗಳ ಅವಲೋಕನದ ನಂತರ 2001ರಲ್ಲಿಯೂ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ನೈಸರ್ಗಿಕ ನೆಲೆಗಳಲ್ಲಿ ಬಿತ್ತಿದ ಕುಲಾಂತರಿ ರೇಪ್ ಸಾಮಾನ್ಯ ರೇಪ್‌ಗಿಂತ ಹೆಚ್ಚು ಆಕ್ರಮಣಕಾರಿಯಾಗಲಿಲ್ಲ. ಬಿತ್ತಿದ ನಾಲ್ಕು ವರ್ಷಗಳೊಳಗೆ ಎರಡೂ ಅಳಿದುಹೋದವು. ಬೆಳೆ ತಾನಾಗಿ ಕಾಡನ್ನು ಆಕ್ರಮಿಸುತ್ತದೆ ಎಂಬ ಭಯಕ್ಕೆ ಇದು ಗಟ್ಟಿಯಾದ ಉತ್ತರ.

ಆದರೆ ಬೆಳೆಯ ಪ್ರಶ್ನೆ ಬೇರೆ, ಬಂಧುವಿನ ಪ್ರಶ್ನೆ ಬೇರೆ. 1996ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು, ಕುಲಾಂತರಿ ನೇಪಸ್ ಮತ್ತು ಕಳೆಯಾದ ರಾಪ ಕೂಡಿದ ಮಿಶ್ರಗಿಡಗಳನ್ನು ಮತ್ತೆ ರಾಪದೊಡನೆ ಸಂಕರಿಸಿದಾಗ, ಕಳೆಯಂತೆಯೇ ಕಾಣುವ, ಫಲವತ್ತಾದ, ಕಳೆನಾಶಕ ತಾಳುವ ಗಿಡಗಳು ಕೆಲವೇ ಪೀಳಿಗೆಗಳಲ್ಲಿ ದೊರೆತುದನ್ನು ವರದಿ ಮಾಡಿದರು. ಜೀನನ್ನು ಸಿ ಜೀನೋಮಿನ ವರ್ಣತಂತುವಿನ ಮೇಲೆ ಇಟ್ಟರೆ ಅದು ರಾಪಕ್ಕೆ ದಾಟದೆಂಬ ಸಲಹೆಯೊಂದು ಆ ದಶಕದಲ್ಲಿ ಬಂದಿತು. ಅದು ದಾಟುವಿಕೆಯನ್ನು ಕಡಿಮೆ ಮಾಡಬಹುದೇ ಹೊರತು ತಡೆಯುವ ಭರವಸೆಯಲ್ಲ ಎಂಬ ಆಕ್ಷೇಪವೂ ಬೆನ್ನಿಗೇ ಬಂದಿತು. 2003ರಲ್ಲಿ ಮೈಕ್ ವಿಲ್ಕಿನ್ಸನ್ ಮತ್ತು ಸಂಗಡಿಗರು ಬ್ರಿಟನ್ ದೇಶದಾದ್ಯಂತದ ಅಂದಾಜು ಮಾಡಿ, ನದಿದಂಡೆಯ ರಾಪ ಗಿಡಗಳಲ್ಲಿ ವರ್ಷಕ್ಕೆ ಸುಮಾರು 32,000, ಹೊಲದ ಕಳೆಯಾದ ರಾಪದಲ್ಲಿ ಸುಮಾರು 17,000 ಮಿಶ್ರಗಿಡಗಳು ಉಂಟಾಗುತ್ತವೆಂದು ಲೆಕ್ಕ ಹಾಕಿದರು. ಬ್ರಿಟನ್ನಿನಲ್ಲಿ ಆಗ ಕುಲಾಂತರಿ ರೇಪ್‌ನ ವಾಣಿಜ್ಯ ಬೇಸಾಯವೇ ಇರಲಿಲ್ಲ. ಸಾಮಾನ್ಯ ರೇಪ್‌ನ ನಡತೆಯಿಂದಲೇ ಈ ಲೆಕ್ಕ ಹೊರಟಿತು.

ಕೆನಡಾದಲ್ಲಿ ವಾಣಿಜ್ಯ ಹೊಲಗಳೇ ಪ್ರಯೋಗಶಾಲೆಯಾದವು. ಆಲ್ಬರ್ಟ ಪ್ರಾಂತದ ಉತ್ತರ ಭಾಗದ ಒಂದು ಹೊಲದಲ್ಲಿ 1998ರಲ್ಲಿ ಹಿಂದಿನ ವರ್ಷದ ಉದುರುಬೀಜದಿಂದ ಹುಟ್ಟಿದ ಕನೋಲ ಗಿಡಗಳು ಗ್ಲೈಫೋಸೇಟ್, ಗ್ಲೂಫೋಸಿನೇಟ್, ಇಮಿಡಜೋಲಿನೋನ್ ಮೂರನ್ನೂ ತಾಳುವುದು ಕಂಡಿತು. ಲಿಂಡಾ ಹಾಲ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಪ್ರಕಟಿಸಿ, ಅಕ್ಕಪಕ್ಕದ ಹೊಲಗಳ ನಡುವಿನ ಪರಾಗದ ಹರಿವೇ ಕಾರಣವೆಂದು ತೋರಿಸಿದರು. ಯಾವ ಸಂಸ್ಥೆಯೂ ರೂಪಿಸದ, ಯಾವ ಅರ್ಜಿಯಲ್ಲೂ ಇಲ್ಲದ ಗಿಡ ಹೀಗೆ ಹೊಲದಲ್ಲಿ ನಿಂತಿತ್ತು. 1995ರ ತರ್ಕದಲ್ಲಿ ಅಡಗಿದ್ದ ಬಿರುಕು ಇಲ್ಲಿ ಹೊರಬಂದಿತು. 2001ರಲ್ಲಿ ಕೆನಡಾದ ರಾಯಲ್ ಸೊಸೈಟಿ ನೇಮಿಸಿದ ತಜ್ಞರ ಮಂಡಲಿ ಸಾರಭೂತ ಸಮಾನತೆಯನ್ನು ತೀರ್ಮಾನದ ಹೊಸ್ತಿಲಾಗಿ ಬಳಸುವ ರೂಢಿಯನ್ನು ಟೀಕಿಸಿತು. ಉದುರುಬೀಜದ ಕನೋಲ ಪಶ್ಚಿಮ ಪ್ರಾಂತಗಳಲ್ಲಿ ಕಳೆಯ ಸಮಸ್ಯೆಯಾಗುತ್ತಿರುವುದನ್ನೂ ದಾಖಲಿಸಿತು.

ಸುಸಾನ್ ವಾರ್ವಿಕ್ ಮತ್ತು ಸಂಗಡಿಗರ ಕ್ವಿಬೆಕ್ ಅಧ್ಯಯನ ಈ ಸರಣಿಯಲ್ಲಿ ಅತ್ಯಂತ ಮಹತ್ವದ್ದು. ವಾಣಿಜ್ಯ ಹೊಲಗಳ ಬಳಿಯ ಕಾಡು ರಾಪದಲ್ಲಿ ಮಿಶ್ರಗಿಡಗಳು ಉಂಟಾಗಿರುವುದನ್ನು ಅವರು 2003ರಲ್ಲಿ ತಿಳಿಸಿದರು. 2008ರ ಪ್ರಕಟಣೆಯಲ್ಲಿ, ಕಳೆನಾಶಕದ ಸಿಂಪಡಣೆ ಇಲ್ಲದಿದ್ದರೂ ಆ ಜೀನು ರಾಪದ ಕಳೆಗಳಲ್ಲಿ ಆರು ವರ್ಷಗಳ ಕಾಲ ಉಳಿದುಬಂದುದನ್ನು ತೋರಿಸಿದರು. ಮಿಶ್ರಗಿಡಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯಿತೆಂಬುದೂ ಅಷ್ಟೇ ನಿಜ. ಸಿಂಪಡಣೆ ಇಲ್ಲದ ಕಡೆ ಜೀನಿಗೆ ಅನುಕೂಲವಿಲ್ಲ ಎಂಬ ಮೂಲ ತರ್ಕ ಸುಳ್ಳಾಗಲಿಲ್ಲ. ಅನುಕೂಲವಿಲ್ಲದ ಜೀನು ಬೇಗನೆ ಮಾಯವಾಗುತ್ತದೆ ಎಂಬ ಊಹೆ ಮಾತ್ರ ನಿಲ್ಲಲಿಲ್ಲ. ಅದೇ ವರ್ಷ ಸ್ವೀಡನ್ನಿನಿಂದ ಬಂದ ವರದಿಯೊಂದು, ಕುಲಾಂತರಿ ರೇಪ್‌ನ ಪ್ರಯೋಗ ನಡೆದ ಹೊಲವನ್ನು ಜಾಗರೂಕತೆಯಿಂದ ಶುಚಿಗೊಳಿಸುತ್ತ ಬಂದರೂ ಹತ್ತು ವರ್ಷಗಳ ನಂತರ ಅಲ್ಲಿ ಆ ಗಿಡಗಳು ಮೊಳೆತುದನ್ನು ತಿಳಿಸಿತು. ಮಣ್ಣಿನಲ್ಲಿ ಮಲಗಿದ ಬೀಜದ ನೆನಪು ಕಡತದ ಅವಧಿಗಿಂತ ದೀರ್ಘವಾದುದು.

ಮೂರನೆಯ ಬಗೆಯ ಸಾಕ್ಷ್ಯ ಬ್ರಿಟನ್ನಿನ ಹೊಲಮಟ್ಟದ ಪ್ರಯೋಗಗಳಿಂದ ಬಂದಿತು. ಒಂದೇ ಹೊಲವನ್ನು ಎರಡು ಭಾಗ ಮಾಡಿ ಒಂದರಲ್ಲಿ ಕಳೆನಾಶಕ ಸಹಿಷ್ಣು ಬೆಳೆ, ಇನ್ನೊಂದರಲ್ಲಿ ಸಾಮಾನ್ಯ ಬೆಳೆ ಇಟ್ಟು ನಡೆಸಿದ ಈ ಪ್ರಯೋಗಗಳ ಫಲಿತಾಂಶ 2003ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ವಸಂತದ ರೇಪ್ ಮತ್ತು ಬೀಟ್ ಬೆಳೆಗಳಲ್ಲಿ ಕಳೆಗಳೂ, ಕಳೆಬೀಜಗಳೂ, ಅವನ್ನು ನಂಬಿದ ಕೆಲವು ಕೀಟಗಳೂ ಕಡಿಮೆಯಾದವು; ಮೆಕ್ಕೆಜೋಳದಲ್ಲಿ ಹೆಚ್ಚಾದವು. ವ್ಯತ್ಯಾಸಕ್ಕೆ ಕಾರಣ ಜೀನಲ್ಲ, ಆ ಜೀನು ಸಾಧ್ಯವಾಗಿಸಿದ ಸಿಂಪಡಣೆಯ ಕ್ರಮ. ಬೀಜವನ್ನು ಅಳೆಯುವುದರಿಂದ ಆರಂಭವಾದ ಪರಿಶೀಲನೆ ಇಲ್ಲಿ ಬೇಸಾಯದ ಕ್ರಮವನ್ನು ಅಳೆಯುವ ಹಂತಕ್ಕೆ ಬಂದು ನಿಂತಿತು.

ಭಾರತದ ಸಾಸಿವೆ

ಭಾರತದಲ್ಲಿ ಈ ಚರಿತ್ರೆ ತಡವಾಗಿ, ಬೇರೊಂದು ಪ್ರಭೇದದ ಮೂಲಕ ಪ್ರವೇಶಿಸಿತು. ಬಾರ್ನೇಸ್, ಬಾರ್‌ಸ್ಟಾರ್, ಬಾರ್ ಜೀನುಗಳಿದ್ದ ಖಾಸಗಿ ಕಂಪನಿಯೊಂದರ ಸಾಸಿವೆಗೆ 2002ರಲ್ಲಿ ಅನುಮತಿ ದೊರೆಯಲಿಲ್ಲ. ಅದೇ ಮೂರು ಜೀನುಗಳನ್ನು ಬಳಸಿ ದೆಹಲಿ ವಿಶ್ವವಿದ್ಯಾಲಯದಲ್ಲಿ ದೀಪಕ್ ಪೆಂಟಾಲ್ ಅವರ ತಂಡ ಸಾರ್ವಜನಿಕ ಹಣದಿಂದ ಧಾರಾ ಸಾಸಿವೆ ಹೈಬ್ರಿಡ್ ಅಥವಾ ಡಿಎಂಎಚ್-11ನ್ನು ರೂಪಿಸಿತು. ಇದರಲ್ಲಿ ವರುಣ ಎಂಬ ಭಾರತೀಯ ತಳಿ ಬಾರ್ನೇಸ್ ಸಾಲಾಗಿಯೂ, ಪೂರ್ವ ಯೂರೋಪಿನ ಮೂಲದ ಅರ್ಲಿ ಹೀರಾ-2 ಬಾರ್‌ಸ್ಟಾರ್ ಸಾಲಾಗಿಯೂ ಇವೆ. ಜೆನೆಟಿಕ್ ಎಂಜಿನಿಯರಿಂಗ್ ಪರಿಶೀಲನಾ ಸಮಿತಿ 2017ರ ಮೇ ತಿಂಗಳಲ್ಲಿ ಇದನ್ನು ಶಿಫಾರಸು ಮಾಡಿತು. ಕೇಂದ್ರ ಪರಿಸರ ಸಚಿವಾಲಯ ತೀರ್ಮಾನವನ್ನು ತಡೆಹಿಡಿಯಿತು. 2022ರ ಅಕ್ಟೋಬರ್ 18ರ ಸಭೆಯ ಶಿಫಾರಸಿನ ಮೇಲೆ ಅದೇ ತಿಂಗಳ 25ರಂದು ಷರತ್ತುಬದ್ಧ ಅನುಮತಿ ಪತ್ರ ಹೊರಟಿತು.

ಆ ಷರತ್ತುಗಳು ಚರಿತ್ರೆಯ ದೃಷ್ಟಿಯಿಂದ ಗಮನಾರ್ಹ. ಕಳೆನಾಶಕವನ್ನು ಹೈಬ್ರಿಡ್ ಬೀಜ ಉತ್ಪಾದನೆಯಲ್ಲಿ ಮಾತ್ರ ಬಳಸಬೇಕು, ರೈತರ ಬೇಸಾಯದಲ್ಲಿ ಬಳಸಕೂಡದೆಂದು ಅನುಮತಿ ಪತ್ರ ಹೇಳಿತು. ಗುಣವಿರುವ ಬೀಜ ರೈತನ ಕೈಯಲ್ಲಿರುತ್ತದೆ, ಆ ಗುಣವನ್ನು ಬಳಸುವುದಕ್ಕೆ ನಿಷೇಧವಿರುತ್ತದೆ. ಇದನ್ನು ಜಾರಿಗೊಳಿಸುವವರು ಯಾರೆಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಜೇನ್ನೊಣ ಮುಂತಾದ ಪರಾಗವಾಹಕಗಳ ಮೇಲಿನ ಪರಿಣಾಮದ ಕ್ಷೇತ್ರಾಧ್ಯಯನವನ್ನು ಬಿಡುಗಡೆಯ ನಂತರ ಎರಡು ವರ್ಷಗಳೊಳಗೆ ನಡೆಸಬೇಕೆಂದೂ ಸೂಚಿಸಲಾಯಿತು. ಪರಿಶೀಲನೆಯ ಒಂದು ಭಾಗ ಹೀಗೆ ಅನುಮತಿಯ ಹಿಂದಕ್ಕೆ ಸರಿಯಿತು.

ಇದಕ್ಕೆ ಮೊದಲೇ ಸರ್ವೋಚ್ಚ ನ್ಯಾಯಾಲಯ ನೇಮಿಸಿದ್ದ ತಾಂತ್ರಿಕ ತಜ್ಞರ ಸಮಿತಿಯ ಬಹುಸಂಖ್ಯಾತ ಸದಸ್ಯರು 2013ರಲ್ಲಿ ಕಳೆನಾಶಕ ಸಹಿಷ್ಣು ಬೆಳೆಗಳು ಭಾರತದ ಸಂದರ್ಭಕ್ಕೆ ತಕ್ಕುವಲ್ಲವೆಂದು ಅಭಿಪ್ರಾಯಪಟ್ಟಿದ್ದರು. ಗ್ರಾಮೀಣ ಜೀವನೋಪಾಯ, ಸುಸ್ಥಿರ ಕೃಷಿ ಮತ್ತು ಪರಿಸರದ ಮೇಲಾಗುವ ದೀರ್ಘಕಾಲದ ಪರಿಣಾಮ ಅವರ ಮುಖ್ಯ ಕಾಳಜಿಯಾಗಿತ್ತು. ಭಾರತವು ಮೂಲಸ್ಥಾನ ಅಥವಾ ವೈವಿಧ್ಯದ ಕೇಂದ್ರವಾಗಿರುವ ಬೆಳೆಗಳಲ್ಲಿ ಕುಲಾಂತರಿಗಳನ್ನು ಬಿಡುಗಡೆ ಮಾಡಬಾರದೆಂದೂ ಅವರು ಹೇಳಿದ್ದರು. ಆರನೆಯ ಸದಸ್ಯರಾದ ಆರ್. ಎಸ್. ಪರೋಡ ಇದಕ್ಕೆ ಭಿನ್ನವಾದ ವರದಿ ಕೊಟ್ಟಿದ್ದರು. ಜನ್ಸಿಯದ ಮೂಲಸ್ಥಾನ ಪಶ್ಚಿಮ ಏಷ್ಯ ಎಂದು ಸೂಚಿಸುವ ಅಧ್ಯಯನಗಳಿವೆ. ಆದರೆ ತಳಿವೈವಿಧ್ಯಕ್ಕೆ ಭಾರತ ದೊಡ್ಡ ನೆಲೆ ಎಂಬುದರಲ್ಲಿ ವಿವಾದವಿಲ್ಲ. ಜನ್ಸಿಯದ ಪಕ್ಕದಲ್ಲಿಯೇ ತೋರಿಯಾ, ಸರ್ಸೋಗಳೆಂಬ ರಾಪ ಬೆಳೆಗಳಿವೆ. ಅವುಗಳಲ್ಲಿ ಹಳದಿ ಸರ್ಸೋ ಹೊರತು ಉಳಿದವು ಬಹುಮಟ್ಟಿಗೆ ಪರಪರಾಗವನ್ನೇ ಅವಲಂಬಿಸಿವೆ. ಕೆನಡಾದಲ್ಲಿ ಬಂಧು ಕಳೆಯಾಗಿದ್ದರೆ ಇಲ್ಲಿ ಬಂಧು ಇನ್ನೊಬ್ಬ ರೈತನ ಬೆಳೆ, ಅವನು ಮುಂದಿನ ವರ್ಷಕ್ಕೆ ಎತ್ತಿಟ್ಟ ಬಿತ್ತನೆ.

2024ರ ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಕರ್ನಾಟಕದವರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರು ಅನುಮತಿಯ ಪ್ರಕ್ರಿಯೆ ದೋಷಯುಕ್ತವೆಂದು ಕಂಡರು. ನ್ಯಾಯಮೂರ್ತಿ ಸಂಜಯ್ ಕರೋಲ್ ಅವರು ಅದನ್ನು ಎತ್ತಿಹಿಡಿದರು. ಕುಲಾಂತರಿ ಬೆಳೆಗಳ ಕುರಿತು ರಾಷ್ಟ್ರೀಯ ನೀತಿಯೊಂದು ಬೇಕೆಂಬುದರಲ್ಲಿ ಮಾತ್ರ ಇಬ್ಬರೂ ಒಮ್ಮತ ಹೊಂದಿದ್ದರು. ಭಿನ್ನಾಭಿಪ್ರಾಯದ ವಿಷಯವನ್ನು ಸೂಕ್ತ ಪೀಠದ ರಚನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಲಾಯಿತು.

ಕರ್ನಾಟಕದಲ್ಲಿ ಸಾಸಿವೆ ಎಣ್ಣೆಯ ಬೆಳೆಯಾಗಿ ದೊಡ್ಡದಲ್ಲ, ಒಗ್ಗರಣೆಯ ಕಾಳು. ಆದರೆ ಹಳೆಯ ಮೈಸೂರು ಸೀಮೆಯ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳ ಜೊತೆ ಸಾಸಿವೆಯೂ ಇರುತ್ತದೆ. ಒಂದು ಬೆಳೆಯನ್ನು ಉಳಿಸಿ ಉಳಿದ ಹಸಿರನ್ನೆಲ್ಲ ಸುಡುವ ಸಿಂಪಡಣೆಗೆ ಅಂತಹ ಹೊಲದಲ್ಲಿ ಅರ್ಥವೇ ಇಲ್ಲ. ಕಳೆ ಯಾವುದು, ಬೆಳೆ ಯಾವುದು ಎಂಬುದನ್ನು ನಿರ್ಧರಿಸುವುದು ಸಸ್ಯಶಾಸ್ತ್ರವಲ್ಲ, ಬೇಸಾಯ ಪದ್ಧತಿ ಎಂಬುದಕ್ಕೆ ಅಕ್ಕಡಿ ಸಾಲು ನಮ್ಮ ನೆಲದ ನಿದರ್ಶನ.

ಸಮಾರೋಪ

ಮೇಲಿನ ಅವಲೋಕನದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಒಂದನೆಯದಾಗಿ, ಆಹಾರ ಸುರಕ್ಷತೆಯ ಪರಿಶೀಲನೆ ಸಾಸಿವೆ ಬಳಗದಲ್ಲಿ ಪ್ರಭೇದದಿಂದ ಪ್ರಭೇದಕ್ಕೆ ಪುರಾವೆಯನ್ನು ಎರವಲು ಪಡೆದುದು ಅಶಾಸ್ತ್ರೀಯವಲ್ಲ. ಪ್ರೋಟೀನು ಒಂದೇ ಆಗಿರುವಷ್ಟರ ಮಟ್ಟಿಗೆ ಅದು ಸಾಧು. ಬೀಜದ ಸಂಯೋಜನೆಯ ವಿಷಯದಲ್ಲಿ ಮಾತ್ರ ಪ್ರತಿ ಪ್ರಭೇದಕ್ಕೂ ಹೊಸ ಅಳತೆ ಅಗತ್ಯ. ಎರಡನೆಯದಾಗಿ, ಪರಿಸರದ ಪರಿಶೀಲನೆಯಲ್ಲಿ ಅಂತಹ ಎರವಲು ಸಲ್ಲದು. ಕ್ವಿಬೆಕ್‌ನ ಕಳೆ, ಥೇಮ್ಸ್ ದಂಡೆಯ ಕಾಡುಗಿಡ, ಉತ್ತರ ಪ್ರದೇಶದ ತೋರಿಯಾ ಈ ಮೂರೂ ಸಸ್ಯಶಾಸ್ತ್ರಕ್ಕೆ ಒಂದೇ ಪ್ರಭೇದ. ಸುರಕ್ಷತೆಯ ಪ್ರಶ್ನೆಗೆ ಮೂರು ಬೇರೆ ಬೇರೆ ಉತ್ತರಗಳು. ಮೂರನೆಯದಾಗಿ, ಅನುಮತಿ ಕೊಡುವ ಕಡತ ಒಂದೊಂದು ಗಿಡದ್ದಾದರೂ ಹೊಲದಲ್ಲಿ ಗಿಡಗಳು ಒಂಟಿಯಾಗಿ ಬೆಳೆಯುವುದಿಲ್ಲ. ಆಲ್ಬರ್ಟದ ಮೂರು ಕಳೆನಾಶಕಗಳ ಗಿಡ ಇದಕ್ಕೆ ಸಾಕ್ಷಿ.

ಭಯಪಟ್ಟವರ ಊಹೆಗಳಲ್ಲಿ ಎಷ್ಟೋ ನಿಜವಾಗಲಿಲ್ಲ. ಭರವಸೆ ಕೊಟ್ಟವರ ಊಹೆಗಳಲ್ಲಿಯೂ ಎಷ್ಟೋ ನಿಲ್ಲಲಿಲ್ಲ. ಎರಡನ್ನೂ ತಿದ್ದಿದುದು ಅನುಮತಿಯ ನಂತರವೂ ಹೊಲದ ಬದುವಿನಲ್ಲಿ ಗಿಡಗಳನ್ನು ಎಣಿಸುತ್ತಿದ್ದವರ ದೀರ್ಘಕಾಲದ ಕೆಲಸ. 1935ರಲ್ಲಿ ಕಾಗದದ ಮೇಲೆ ಬರೆದ ತ್ರಿಕೋನವನ್ನು ಆ ನಂತರದ ಹೊಲಗಳು ಮತ್ತೆ ಮತ್ತೆ ಸಮರ್ಥಿಸಿವೆ. ಸಾಸಿವೆಯ ಬಗ್ಗೆ ಭಾರತ ಕೈಗೊಳ್ಳುವ ಯಾವುದೇ ತೀರ್ಮಾನ ಆ ತ್ರಿಕೋನವನ್ನೂ, ಅದರ ಮೂಲೆಗಳಲ್ಲಿ ಇಲ್ಲಿ ಯಾರ ಬೆಳೆಗಳು ನಿಂತಿವೆ ಎಂಬುದನ್ನೂ ಎದುರಿಗಿಟ್ಟುಕೊಂಡು ಆಗಬೇಕಾದುದು ಅವಶ್ಯ.